ಕಿನ್ನರದ ವ್ಯಾನು ಕದಲಲಿಲ್ಲ

ಸೋಮವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಶಾಲೆಗೆ ಹೊರಡಬೇಕಿದ್ದ ವ್ಯಾನು ಅಂಗಳದಿಂದ ಒಂದು ಗೇಣೂ ಕದಲಲಿಲ್ಲ.

ಎಂಜಿನ್ ಚಾಲೂ ಆಗಿತ್ತು. ಪುಂಡಲೀಕ ಫಸ್ಟ್ ಗೇರಿಗೆ ಹಾಕಿ ಮೆಲ್ಲಗೆ ಕ್ಲಚ್ ಬಿಟ್ಟ. ವ್ಯಾನಿನ ಹಿಂಭಾಗ, ನೆಲಕ್ಕೆ ಕೂರಲು ಹೊರಟ ಎಮ್ಮೆಯ ಹಾಗೆ ಕುಸಿಯಿತು. ಎಂಜಿನ್ ಗುಟುರು ಹಾಕಿ ನಿಂತುಹೋಯಿತು.

"ಅಪ್ಪಾ, ಎಂತಾ ಆತು?" ಮುಂದಿನ ಸೀಟಿನಲ್ಲಿದ್ದ ಮಗಳು ನಾಗಶ್ರೀ ಕೇಳಿದಳು.

"ಹಿಂದಿನ ಚಕ್ರ ಹಿಡ್ಕಂಡದೆ."

ಕಿನ್ನರ ಹಳ್ಳಿಯ ಆರು ಮಕ್ಕಳು ದಿನವೂ ಇದೇ ವ್ಯಾನಿನಲ್ಲಿ ಕಾರವಾರದ ಶಾಲೆಗೆ ಹೋಗುತ್ತಾರೆ. ಐದನೇ ಕ್ಲಾಸಿನ ನಾಗಶ್ರೀಯೂ ಅವರಲ್ಲಿ ಒಬ್ಬಳು. ಹಿಂದಿನ ಸೀಟಿನಿಂದ ಏಳನೇ ಕ್ಲಾಸಿನ ಸಂದೇಶ ತಲೆ ಚಾಚಿದ.

"ಕಾಕಾ, ಕಲ್ಲು ತೆಗೆದ್ರಾ? ಅದು ಇದ್ರೆ ವ್ಯಾನು ಹ್ಯಾಂಗೆ ಹೋಗ್ತದೆ?"

ಉಳಿದವರು ಕಿಸಕ್ಕನೆ ನಕ್ಕರು.

"ತೆಗೆದೆ ಮಾರಾಯಾ. ಅಲ್ಲಿ ಬಿದ್ದದೆ ನೋಡು," ಎಂದ ಪುಂಡಲೀಕ.

ನಾಗಶ್ರೀ ನಗಲಿಲ್ಲ.

ಮಳೆಗಾಲದಲ್ಲಿ ಪುಂಡಲೀಕ ಹ್ಯಾಂಡ್‌ಬ್ರೇಕ್ ಎಳೆಯುವುದೇ ಇಲ್ಲ. ವ್ಯಾನನ್ನು ಗೇರಿನಲ್ಲಿ ಬಿಟ್ಟು, ಹಿಂದಿನ ಚಕ್ರಕ್ಕೆ ಒಂದು ಚಿರೇಕಲ್ಲು ಕೊಡುತ್ತಾನೆ. ಅಂಕೋಲೆಯಲ್ಲಿ ಲಾರಿ ಓಡಿಸುತ್ತಿದ್ದ ಕಾಲದ ಅಭ್ಯಾಸ. ಸಂದೇಶ ಅದಕ್ಕೆ 'ಕಲ್ಲು ಬ್ರೇಕು' ಎಂದು ಹೆಸರಿಟ್ಟಿದ್ದ. ಜೂನ್ ತಿಂಗಳಿನಿಂದ ವ್ಯಾನಿನಲ್ಲಿ ದಿನವೂ ಅದೇ ತಮಾಷೆ.

ಶನಿವಾರ ಮಧ್ಯಾಹ್ನ ಅಪ್ಪ ಊಟ ಮಾಡಿ ಮಲಗಿದ್ದಾಗ ನಾಗಶ್ರೀ ಪೈಪು ಹಿಡಿದು ವ್ಯಾನು ತೊಳೆದಿದ್ದಳು. ಚಕ್ರಗಳ ಒಳಗೆಲ್ಲ ನೀರು ಬಿಟ್ಟು ಕೆಸರು ತೆಗೆದಿದ್ದಳು. ಆಮೇಲೆ ಕಲ್ಲನ್ನು ಎತ್ತಿ ಬಾವಿಯ ಹಿಂದೆ ಇಟ್ಟು, ಎರಡೂ ಕೈಯಿಂದ ಹ್ಯಾಂಡ್‌ಬ್ರೇಕ್ ಎಳೆದಿದ್ದಳು. ಸೋಮವಾರ ಸಂದೇಶ ಬಂದಾಗ ಆ ಕಲ್ಲು ಕಾಣಬಾರದು ಎಂಬುದಷ್ಟೇ ಅವಳ ಯೋಚನೆ.

ಭಾನುವಾರ ಇಡೀ ದಿನ ಮಳೆ. ಅಪ್ಪ ವ್ಯಾನಿನ ಹತ್ತಿರ ಹೋಗಲಿಲ್ಲ. ಸೋಮವಾರ ಬೆಳಗಾದಾಗ ನಾಗಶ್ರೀಗೆ ಧೈರ್ಯ ಸಾಲಲಿಲ್ಲ. ಅಪ್ಪ ಬೈದರೆ? ಅವನು ಸ್ನಾನಕ್ಕೆ ಹೋದಾಗ ಓಡಿಬಂದು ಹ್ಯಾಂಡ್‌ಬ್ರೇಕ್ ಕೆಳಗಿಳಿಸಿದಳು. ಕಲ್ಲನ್ನು ತಂದು ಮೊದಲಿದ್ದಲ್ಲೇ ಇಟ್ಟಳು.

ಅಲ್ಲಿಗೆ ಎಲ್ಲ ಸರಿಯಾಯಿತು ಎಂದುಕೊಂಡಿದ್ದಳು. ಲಿವರು ಈಗಲೂ ಕೆಳಗೇ ಇತ್ತು. ಹಾಗಾದರೆ ಚಕ್ರ ಯಾಕೆ ತಿರುಗುತ್ತಿಲ್ಲ?

"ಬುಧವಾರ ಗ್ಯಾರೇಜಿನ ಕಿಶನ ಹಿಂದಿನ ಬ್ರೇಕ್ ಬಿಚ್ಚಿ ಹೊಸ ಶೂ ಹಾಕಿದ್ದ," ಎಂದು ಪುಂಡಲೀಕ ಫೋನು ತೆಗೆದ. "ಸರಿ ಕೂರಿಸ್ಲಿಲ್ಲ ಕಾಣ್ತದೆ."

"ಚಕ್ರಕ್ಕೂ ಶೂಸಾ ಕಾಕಾ? ಸಾಕ್ಸ್ ಇಲ್ವಾ?" ಎಂದ ಸಂದೇಶ. ಈ ಸಲ ಯಾರೂ ನಗಲಿಲ್ಲ. ಶಾಲೆಗೆ ಹೊತ್ತಾಗುತ್ತಿತ್ತು.

ಅಷ್ಟರಲ್ಲಿ ಸಂದೇಶನ ತಾಯಿ ಲತಾ ಸ್ಕೂಟರಿನಲ್ಲಿ ಬಂದಳು. ಕಾರವಾರದ ಆಫೀಸಿಗೆ ಹೊರಟವಳು ವ್ಯಾನು ಇನ್ನೂ ಅಂಗಳದಲ್ಲೇ ಇದ್ದದ್ದು ಕಂಡು ನಿಲ್ಲಿಸಿದಳು.

"ಎಂತಾ ಪುಂಡಲೀಕಣ್ಣ, ಇನ್ನೂ ಹೊರಡ್ಲಿಲ್ಲಾ?"

"ಎಂತಾ ಹೇಳೂದು, ಎಲ್ಲಾ ಕಿಶನನ ಕೆಲಸ. ಬ್ರೇಕ್ ಮಾಡ್ಸಿ ಐದು ದಿನ ಆಗ್ಲಿಲ್ಲ, ಚಕ್ರ ಜಾಮ್."

"ಹೌದಾ? ನಾ ಇವತ್ತು ಸಂಜೆ ಸ್ಕೂಟರ್ ಅವನ ಹತ್ರ ಬಿಡ್ಬೇಕು ಅಂದ್ಕಂಡಿದ್ದೆ. ಬ್ಯಾಡ ಹಾಗಾದ್ರೆ. ಟೌನಿನ ಗ್ಯಾರೇಜಿಗೇ ಹೇಳ್ತೆ."

ಸ್ಕೂಟರು ಹೋಯಿತು. ಮಕ್ಕಳೆಲ್ಲ ವ್ಯಾನಿನಿಂದ ಇಳಿದರು. ನಾಗಶ್ರೀ ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ನಿಂತಳು. ಕಿಶನ ಬಸ್ ಸ್ಟಾಪಿನ ಪಕ್ಕ ಗ್ಯಾರೇಜು ತೆರೆದು ನಾಲ್ಕೇ ತಿಂಗಳಾಗಿತ್ತು.

ಏಳೂ ಇಪ್ಪತ್ತೈದಕ್ಕೆ ಕಿಶನ ಬೈಕಿನಲ್ಲಿ ಬಂದ. ತಲೆಗೂದಲಿನಿಂದ ಮಳೆನೀರು ತೊಟ್ಟಿಕ್ಕುತ್ತಿತ್ತು. ಜಾಕ್ ಕೊಟ್ಟು ವ್ಯಾನನ್ನು ಎತ್ತಿ, ಹಿಂದಿನ ಒಂದು ಚಕ್ರ ಬಿಚ್ಚಿದ. ಒಳಗೆ ಬೋಗುಣಿ ಕವುಚಿ ಹಾಕಿದಂತೆ ಕಬ್ಬಿಣದ ಡ್ರಮ್ಮು ಕಂಡಿತು. ಅದನ್ನು ಕೈಯಿಂದ ತಿರುಗಿಸಿ ನೋಡಿದ. ಅಲುಗಲಿಲ್ಲ.

"ಹಿಂದೆ ಸರೀರಿ," ಎಂದು ಮಕ್ಕಳಿಗೆ ಹೇಳಿ, ಸುತ್ತಿಗೆಯಿಂದ ಡ್ರಮ್ಮಿನ ಸುತ್ತ ಹದವಾಗಿ ಬಡಿದ. ಆರೇಳು ಪೆಟ್ಟಿನ ನಂತರ ಒಳಗೆ 'ಟಪ್' ಎಂದು ಏನೋ ಬಿಟ್ಟುಕೊಂಡಿತು. ಡ್ರಮ್ಮು ತಿರುಗಿತು. ಸಂದಿಯಿಂದ ಕಂದು ಬಣ್ಣದ ಪುಡಿ ಉದುರಿತು.

"ತುಕ್ಕು," ಎಂದ ಕಿಶನ. "ದಾದಾ, ಹ್ಯಾಂಡ್‌ಬ್ರೇಕ್ ಎಳೆದಿಟ್ಟಿದ್ರಾ?"

"ಮಳೆಗಾಲದಲ್ಲಿ ನಾ ಎಳೆಯೂದಿಲ್ಲ. ನಿಂಗೆ ಗೊತ್ತದೆ. ಕಲ್ಲು ಅಲ್ಲೇ ಬಿದ್ದದೆ ನೋಡು."

"ಹ್ಯಾಂಡ್‌ಬ್ರೇಕಿಗೂ ತುಕ್ಕಿಗೂ ಎಂತಾ ಸಂಬಂಧ ಕಿಶನ ಮಾಮಾ?" ನಾಗಶ್ರೀಯ ದನಿ ಸಣ್ಣಗಿತ್ತು.

ಕಿಶನ ಎರಡೂ ಅಂಗೈ ಜೋಡಿಸಿ ಒತ್ತಿ ತೋರಿಸಿದ. "ಹ್ಯಾಂಡ್‌ಬ್ರೇಕ್ ಎಳೆದ್ರೆ ಶೂ, ಅಂದ್ರೆ ಒಳಗಿನ ಬ್ರೇಕ್ ಪಟ್ಟಿ, ಹೀಗೆ ಡ್ರಮ್ಮಿಗೆ ಒತ್ತಿ ಕೂರ್ತದೆ ತಂಗೀ. ಒಳಗೆ ನೀರಿದ್ದು, ಹಾಗೇ ಎರಡು ದಿನ ಬಿಟ್ರೆ ನಡುವೆ ತುಕ್ಕು ಹಿಡೀತದೆ. ನಮ್ಮಲ್ಲಿ ಸಮುದ್ರದ ಗಾಳಿ ಬೇರೆ. ಎರಡೂ ಅಂಟಿಹೋಗ್ತದೆ."

"ಆಮೇಲೆ ಲಿವರು ಕೆಳಗೆ ಮಾಡಿದ್ರೆ?"

"ಲಿವರು ಕೆಳಗೆ ಬರ್ತದೆ. ಅಂಟಿದ ಶೂ ಅಲ್ಲೇ ಇರ್ತದೆ."

ನಾಗಶ್ರೀ ಬಾವಿಯ ಕಡೆಗೆ ಮುಖ ತಿರುಗಿಸಿದಳು.

ಕಿಶನ ಇನ್ನೊಂದು ಚಕ್ರವನ್ನೂ ಬಿಚ್ಚಿ, ಬಡಿದು ಬಿಡಿಸಿದ. ವ್ಯಾನನ್ನು ಅಂಗಳದಲ್ಲೇ ಹಿಂದೆ ಮುಂದೆ ಓಡಿಸಿ ನಾಲ್ಕು ಸಲ ಬ್ರೇಕ್ ಒತ್ತಿದ. ಕೆಳಗಿಳಿದಾಗ ಮುಖ ಬಾಡಿತ್ತು.

"ಹ್ಯಾಂಡ್‌ಬ್ರೇಕ್ ಎಳೀಲಿಲ್ಲ ಅಂದ್ರೆ ನನ್ನ ಕೆಲಸದಲ್ಲೇ ಎಂತೋ ತಪ್ಪಾಗದೆ ದಾದಾ. ಶೂ ಸಡಿಲ ಬಿಡ್ಲಿಲ್ಲವೇನೋ. ಸಂಜೆ ಬಂದು ಎರಡೂ ಬದಿ ಬಿಚ್ಚಿ ನೋಡ್ತೆ. ಈಗ ಬ್ರೇಕ್ ಹಿಡೀತದೆ, ಹೋಗೂಕೆ ಅಡ್ಡಿಲ್ಲ."

ಕಿಶನ ಸಲಕರಣೆ ಕಟ್ಟಿಕೊಂಡು ಹೋದ. ನಾಗಶ್ರೀ ಬಾಯಿ ತೆರೆದಳು. ಅಷ್ಟರಲ್ಲಿ ಮಕ್ಕಳೆಲ್ಲ ತಳ್ಳಾಡುತ್ತ ವ್ಯಾನು ಹತ್ತಿದರು. ಅವಳೂ ಹತ್ತಿದಳು.

ಗಂಟೆ ಏಳೂ ಐವತ್ತೈದು. ಮೊದಲ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಹಿಂದಿನಿಂದ 'ಕೀಂಯ್ಯ್' ಎಂದು ಸದ್ದು ಬಂತು. ಸಂದೇಶ ಕಿವಿ ಮುಚ್ಚಿಕೊಂಡ.

"ಕಾಕಾ, ಹಂದಿ ಸಿಕ್ಕಾಕ್ಕಂಡದಾ?"

"ಉಳಿದ ತುಕ್ಕು. ಶೂ ಉಜ್ಜಿ ಉಜ್ಜಿ ತೆಗೀತದೆ. ನಾಲ್ಕು ಬ್ರೇಕಿಗೆ ಹೋಗ್ತದೆ," ಎಂದ ಪುಂಡಲೀಕ.

ಎರಡನೇ ತಿರುವಿನಲ್ಲಿ ಸದ್ದು ಕಡಿಮೆಯಾಯಿತು. ದನಗಳು ಅಡ್ಡ ಬಂದಾಗ ಸಣ್ಣಗೆ ಕಿರುಗುಟ್ಟಿತು. ಬಸ್ ಸ್ಟಾಪಿನ ರಸ್ತೆ ಉಬ್ಬಿನಲ್ಲಿ ಏನೂ ಕೇಳಲಿಲ್ಲ.

ಬಸ್ ಸ್ಟಾಪಿನ ಪಕ್ಕದ ಗ್ಯಾರೇಜಿನಲ್ಲಿ ಕಿಶನ ಕುಕ್ಕರಗಾಲಿನಲ್ಲಿ ಕೂತಿದ್ದ. ಬುಧವಾರ ಬಿಚ್ಚಿ ತೆಗೆದ ಹಳೆಯ ಶೂಗಳು ಅವನ ಮುಂದಿದ್ದವು. ಒಂದನ್ನು ಎತ್ತಿ, ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಇಲ್ಲದ ತಪ್ಪನ್ನು ಹುಡುಕುತ್ತಿದ್ದಾನೆ ಎಂಬುದು ಇಡೀ ಕಿನ್ನರದಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು.

"ಅಪ್ಪಾ, ನಿಲ್ಲಿಸು."

"ಈಗಲೇ ಹೊತ್ತಾಗದೆ."

"ಹೊತ್ತಾಗ್ಲಿ. ನಿಲ್ಲಿಸು."

ವ್ಯಾನು ನಿಂತಿತು. ನಾಗಶ್ರೀ ಕೆಸರು ದಾಟಿ ಗ್ಯಾರೇಜಿಗೆ ಹೋದಳು. ಅಪ್ಪ ಹಿಂದೆಯೇ ಬರುತ್ತಿದ್ದಾನೆ ಎಂದು ಗೊತ್ತಿದ್ದೂ ತಿರುಗಿ ನೋಡಲಿಲ್ಲ.

"ಕಿಶನ ಮಾಮಾ, ಹ್ಯಾಂಡ್‌ಬ್ರೇಕ್ ನಾ ಎಳೆದಿದ್ದೆ. ಶನಿವಾರ. ವ್ಯಾನು ತೊಳೆದ ಮೇಲೆ. ಇವತ್ತು ಬೆಳಿಗ್ಗೆ ಅಪ್ಪನಿಗೆ ಗೊತ್ತಾಗದ ಹಾಗೆ ಇಳಿಸ್ದೆ."

ಕಿಶನ ಶೂ ಕೆಳಗಿಟ್ಟ.

"ಒಂದು ಕೈಯಲ್ಲಿ ಎಳೆದ್ಯಾ?"

"ಎರಡೂ ಕೈಯಲ್ಲಿ."

"ಅದಕ್ಕೇ ಅಷ್ಟು ಗಟ್ಟಿ," ಎಂದು ನಿಟ್ಟುಸಿರು ಬಿಟ್ಟ. ತುಟಿಯ ತುದಿಯಲ್ಲಿ ನಗು ಕಂಡಿತು. "ನಾ ಕೆಲಸವೇ ಮರೆತೆನಾ ಅಂದ್ಕಂಡಿದ್ದೆ."

ಪುಂಡಲೀಕ ಮಗಳಿಗೆ ಬೈಯಲಿಲ್ಲ. ಜೇಬಿನಿಂದ ಫೋನು ತೆಗೆದು ಲತಾಳಿಗೆ ಹಚ್ಚಿದ. "ಲತಾ, ನಾ ಗೊತ್ತಿಲ್ಲದೆ ಮಾತಾಡ್ದೆ. ತಪ್ಪು ಕಿಶನಂದಲ್ಲ, ನಮ್ಮ ಮನೇದು."

ಆ ಕಡೆಯ ಮಾತು ಎಲ್ಲರಿಗೂ ಕೇಳಿಸಿತು. "ಅಯ್ಯೋ, ಟೌನಿನವರಿಗೆ ಆಗ್ಲೇ ಹೇಳ್ಬಿಟ್ಟೆ ಪುಂಡಲೀಕಣ್ಣ. ಹತ್ತು ಗಂಟೆಗೆ ಆಫೀಸಿಗೇ ಬಂದು ಗಾಡಿ ತಕೊಂಡು ಹೋಗ್ತರು."

ತನ್ನ ಹತ್ತಿರ ಬರಬೇಕಿದ್ದ ಲತಾಳ ಸ್ಕೂಟರು ಟೌನಿನ ಗ್ಯಾರೇಜಿಗೆ ಹೋಗುತ್ತಿದೆ ಎಂದು ಕಿಶನನಿಗೆ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. "ಇರ್ಲಿ," ಎಂದು ಕೈ ಒರೆಸಿಕೊಂಡ. "ಹೋಗು ತಂಗೀ, ಶಾಲೆ ಅದೆ."

ವ್ಯಾನು ಹೊರಟಿತು. ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದ ಸಂದೇಶ ಮುಂದಿನ ಸೀಟಿನತ್ತ ಬಾಗಿದ.

"ನಾ ಕಲ್ಲು ಬ್ರೇಕು ಅಂದದ್ದಕ್ಕಾ?" ಎಂದು ಮೆಲ್ಲಗೆ ಕೇಳಿದ.

ನಾಗಶ್ರೀ ಹೌದೆಂದು ತಲೆಯಾಡಿಸಿದಳು. ಆದರೆ ಎಳೆದದ್ದು ಮಾತ್ರ ತಾನೇ ಎಂದಳು.

ಶಾಲೆಯ ಗೇಟಿನಲ್ಲಿ ಟೀಚರು ಆರೂ ಮಕ್ಕಳನ್ನು ತಡೆದರು. "ಯಾಕೆ ಲೇಟು? ವ್ಯಾನು ಕೆಟ್ಟಿತ್ತಾ?"

"ಹೌದು ಟೀಚರ್," ಎಂದರು ಮೂವರು ಒಟ್ಟಿಗೆ.

"ಕೆಟ್ಟಿರ್ಲಿಲ್ಲ ಟೀಚರ್," ಎಂದಳು ನಾಗಶ್ರೀ. "ನನ್ನಿಂದ ಲೇಟಾಯ್ತು."

ಒಳಗೆ ಪ್ರಾರ್ಥನೆ ಶುರುವಾಗಿತ್ತು. ಅದು ಮುಗಿಯುವ ತನಕ ಕಿನ್ನರದ ಆರು ಮಕ್ಕಳೂ ಗೇಟಿನ ಹೊರಗೆ ಸಾಲಾಗಿ ನಿಂತರು.