ನಾಲ್ಕನೇ ಪ್ರಶ್ನೆ

"ಒಳಗೆ ಹೋದ್ಮೇಲೆ ಬಾಯಿ ಬಿಡಬೇಡ. ಡಾಕ್ಟ್ರಿಗೆ ಎಲ್ಲಾ ಗೊತ್ತಿರುತ್ತೆ," ಎಂದರು ತಾತ. ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು ಅವರು ಇದನ್ನು ಹೇಳುತ್ತಿರುವುದು ಮೂರನೇ ಸಲ.

ಸೆಕೆಂಡಮ್ಮ ಹೂಂ ಅಂದಳು. ಅದು ಅವಳ ಸ್ಕೂಲಿನ ಹೆಸರಲ್ಲ. ಗಡಿಯಾರದ ಸೆಕೆಂಡ್ ಮುಳ್ಳಿನ ಹಾಗೆ ಒಂದು ಕಡೆ ನಿಲ್ಲುವುದಿಲ್ಲ ಅಂತ ತಾತ ಇಟ್ಟ ಹೆಸರು. ತಾತನದು ವಾಚ್ ರಿಪೇರಿ ಅಂಗಡಿ. ಸ್ಕೂಲು ಬಿಟ್ಟ ಮೇಲೆ ಅವಳ ಠಿಕಾಣಿಯೂ ಅಲ್ಲೇ.

ಅಂಗಡಿಯಲ್ಲಿ ತಾತನದೇ ದರ್ಬಾರು. ವಾಚು ತಂದವರು ಮೊದಲು ನಾಲ್ಕು ಪ್ರಶ್ನೆಗೆ ಉತ್ತರ ಕೊಡಬೇಕು. ಯಾವಾಗ ನಿಂತಿತು? ಕೆಳಗೆ ಬಿತ್ತಾ? ನೀರು ಹೋಯಿತಾ? ಬೇರೆ ಯಾರಾದರೂ ಬಿಚ್ಚಿದ್ದರಾ? ಉತ್ತರಗಳನ್ನು ಸೆಕೆಂಡಮ್ಮ ಚೀಟಿಯಲ್ಲಿ ಬರೆದು ವಾಚಿಗೆ ಕಟ್ಟುತ್ತಾಳೆ.

ನಾಲ್ಕನೆಯದನ್ನು ಯಾರಾದರೂ ಮುಚ್ಚಿಟ್ಟರೋ, ಮುಗಿಯಿತು. "ನೀವು ಹೇಳದಿದ್ರೆ ನನಗೇನು ಕನಸು ಬೀಳುತ್ತಾ?" ಎಂದು ತಾತ ಗದರುತ್ತಾರೆ. ಗಿರಾಕಿಗಳು ಪೆಚ್ಚಾಗಿ ನಿಲ್ಲುತ್ತಾರೆ. ಸೆಕೆಂಡಮ್ಮನಿಗೆ ಮುಸಿಮುಸಿ ನಗು.

ಒಂದು ವಾರದಿಂದ ಮಾತ್ರ ಅವಳಿಗೆ ನಗು ಬಂದಿರಲಿಲ್ಲ. ಸ್ಟೂಲಿನಿಂದ ಎದ್ದರೆ ಸಾಕು, ತಾತನಿಗೆ ತಲೆ ಸುತ್ತಿ ಗೋಡೆ ಹಿಡಿಯುವ ಹಾಗಾಗುತ್ತಿತ್ತು. ನಿನ್ನೆಯಂತೂ ಬಿದ್ದೇಬಿಟ್ಟರು. ಸ್ಕ್ರೂಗಳೆಲ್ಲ ಚೆಲ್ಲಾಪಿಲ್ಲಿ. ಅಮ್ಮನಿಗೆ ಹೇಳಬೇಡ, ಅಂಗಡಿ ಮುಚ್ಚಿಸಿಬಿಡುತ್ತಾಳೆ ಎಂದು ತಾತ ಆಣೆ ಹಾಕಿಸಿದರು. ಹೇಳಲಿಲ್ಲ. ಆದರೆ ಹೆದರಿಕೆಯಿಂದ ಊಟವೇ ಸೇರಲಿಲ್ಲ.

ಇವತ್ತು ಬಂದಿದ್ದು ತಿಂಗಳ ಬಿ.ಪಿ. ತಪಾಸಣೆಗೆ. ಒಳಗೆ ಡಾಕ್ಟರಮ್ಮ ಬಿ.ಪಿ. ನೋಡಿದರು. ಸ್ವಲ್ಪ ಕಡಿಮೆ ಇದೆ, ಆರಾಮಾಗಿದ್ದೀರಾ ಎಂದು ಕೇಳಿದರು. ಗಿರಾಕಿಗಳ ಮುಂದೆ ಹುಲಿಯಾಗುವ ತಾತ ಇಲ್ಲಿ ಕೈಕಟ್ಟಿ ಕೂತು, "ಆರಾಮು ಡಾಕ್ಟ್ರೇ," ಎಂದರು.

"ಹಾಗಾದ್ರೆ ಅದೇ ಮಾತ್ರೆ ಮುಂದುವರಿಸಿ."

ಸೆಕೆಂಡಮ್ಮನಿಗೆ ಥಟ್ಟನೆ ಹೊಳೆಯಿತು. ಅದೊಂದೇ ಮಾತ್ರೆ ಅಲ್ಲವಲ್ಲ. ಹತ್ತು ದಿನದ ಹಿಂದೆ ತಾತ ತಮ್ಮ ತಂಗಿಯ ಮನೆಗೆ ಹೋಗಿದ್ದಾಗ, ಅಲ್ಲಿನ ಡಾಕ್ಟರು ಹಳದಿ ಮಾತ್ರೆ ಕೊಟ್ಟಿದ್ದರು. ಈಗ ಈ ಡಾಕ್ಟರಮ್ಮ ಕೊಟ್ಟ ಬಿಳಿಯದನ್ನೂ ನುಂಗುತ್ತಾರೆ, ಹಳದಿಯದನ್ನೂ ನುಂಗುತ್ತಾರೆ.

ಕೇಳಿದರೆ ಡಾಕ್ಟರಮ್ಮ ಬೈದಾರು. ಕೇಳದಿದ್ದರೆ ತಾತ ಮತ್ತೆ ಬಿದ್ದಾರು.

"ಡಾಕ್ಟ್ರೇ, ಎರಡು ಥರದ ಮಾತ್ರೆ ಒಟ್ಟಿಗೆ ತಗೋಬಹುದಾ?"

ತಾತ ಅವಳ ಕೈ ಚಿವುಟಿದರು. ಅವಳು ಕೈ ಎಳೆದುಕೊಂಡಳು. "ಬೇರೆ ಯಾರಾದ್ರೂ ಬಿಚ್ಚಿದ್ರಾ ಅಂತ ನೀನೇ ಕೇಳ್ತೀಯಲ್ಲ ತಾತ?"

ತಾತ ಜೇಬಿನಿಂದ ಹಳದಿ ಮಾತ್ರೆ ತೆಗೆದು ಮೇಜಿನ ಮೇಲಿಟ್ಟರು. ತಲೆ ಸುತ್ತುವುದನ್ನೂ ಬಿದ್ದದ್ದನ್ನೂ ಹೇಳಿದರು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ತಾತನನ್ನು ನಿಲ್ಲಿಸಿ ಮತ್ತೆ ಬಿ.ಪಿ. ನೋಡಿದರು. ಇನ್ನೂ ಇಳಿದಿತ್ತು. ಎರಡೂ ಬಿ.ಪಿ. ಇಳಿಸುವ ಮಾತ್ರೆಗಳೇ, ಎರಡೂ ಸೇರಿ ಬೇಕಾದ್ದಕ್ಕಿಂತ ಹೆಚ್ಚು ಇಳಿಸಿವೆ ಎಂದರು. ಹಳದಿಯದನ್ನು ನಿಲ್ಲಿಸಿ, ಮೂರು ದಿನ ಬಿಟ್ಟು ಬಂದು ತೋರಿಸಲು ಹೇಳಿದರು. ಬೈಯಲೇ ಇಲ್ಲ.

"ನಾನೇ ಕೇಳಬೇಕಿತ್ತು. ಪುಣ್ಯಕ್ಕೆ ನೀನು ಕೇಳಿದೆ," ಎಂದರು ಸೆಕೆಂಡಮ್ಮನಿಗೆ.

ಬಾಗಿಲ ತನಕ ಹೋದ ತಾತ ತಿರುಗಿ ಬಂದರು. ಮಾತ್ರೆ ಊಟಕ್ಕೆ ಮುಂಚೆಯೋ, ಆಮೇಲೋ? ಒಂದು ದಿನ ಮರೆತರೆ ಏನು ಮಾಡಬೇಕು? ಹೊರಗೆ ಕಾದಿದ್ದವರು ಗೊಣಗಿದರೂ ಅವರು ಜಗ್ಗಲಿಲ್ಲ.

"ಮೊದಲೇ ಯಾಕೆ ಹೇಳ್ಲಿಲ್ಲ ತಾತ?" ದಾರಿಯಲ್ಲಿ ಕೇಳಿದಳು.

"ಬೈತಾರೇನೋ ಅಂತ ಭಯ ಕಣೇ."

ಅವತ್ತು ಅಮ್ಮನಿಗೆ ಎಲ್ಲವನ್ನೂ ತಾತನೇ ಹೇಳಿದರು.

ಮುಂದಿನ ವಾರದ ಹೊತ್ತಿಗೆ ತಾತ ಗೋಡೆ ಹಿಡಿಯದೆ ಏಳುತ್ತಿದ್ದರು. ಒಂದು ಸಂಜೆ ಒಬ್ಬ ಬಸ್ ಡ್ರೈವರ್ ನಿಂತ ವಾಚು ತಂದ. ಮೂರು ಪ್ರಶ್ನೆಗೆ ಪಟಪಟ ಉತ್ತರ ಹೇಳಿದವನು ನಾಲ್ಕನೆಯದಕ್ಕೆ ತಲೆ ಕೆರೆದುಕೊಂಡು ನೆಲ ನೋಡಿದ.

ಸೆಕೆಂಡಮ್ಮನಿಗೆ ನಗು ಬರಲಿಲ್ಲ. ಕ್ಲಿನಿಕ್ಕಿನಲ್ಲಿ ಕೈಕಟ್ಟಿ ಕೂತಿದ್ದ ತಾತನ ಮುಖವೂ ಹೀಗೇ ಇತ್ತು. ತಾತ ಗದರಲು ಬಾಯಿ ತೆರೆಯುವಷ್ಟರಲ್ಲಿ ಅವಳು ಸ್ಟೂಲನ್ನು ಮುಂದಕ್ಕೆ ತಳ್ಳಿದಳು.

"ಕೂತ್ಕೊಳ್ಳಿ ಅಂಕಲ್. ನಿಧಾನವಾಗಿ ಹೇಳಿ. ತಾತ ಬೈಯಲ್ಲ."

ತಾತ ಅವಳನ್ನೊಮ್ಮೆ ನೋಡಿದರು. ತೆರೆದ ಬಾಯಿ ಮುಚ್ಚಿ, ಕನ್ನಡಕ ಒರೆಸಿಕೊಂಡರು.

"ಹೌದಪ್ಪ," ಎಂದರು, "ಬೈಯಲ್ಲ."