ಎರಡನೇ ಮಹಡಿಯ ಮುದ್ರೆ

ನೈರೋಬಿಯ ರಿವರ್‌ಸೈಡ್‌ನ ನಾಲ್ಕಂತಸ್ತಿನ ಆ ಕಟ್ಟಡದ ಸಮಸ್ತ ಬಾಡಿಗೆದಾರರಿಗೆ, ಗೇಟಿನ ಕಾವಲುಗಾರರಿಗೆ ಹಾಗೂ ಲಿಫ್ಟಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, 2018ರ ಜೂನ್ ತಿಂಗಳ ಒಂದು ಮಂಗಳವಾರ ಕುಮಾರಿ ಜಾಹ್ನವಿ ಮೂರನೇ ಮಹಡಿಯಿಂದ ಎರಡನೇ ಮಹಡಿಗೆ ಇಳಿದಳು. ಆ ದಿನದ ಮಟ್ಟಿಗೆ ಅದು ನಾಲ್ಕನೇ ಸಲ. ಕಾರಣ ಒಂದು ಹಾಳೆ. ಹಾಳೆಯ ಮೇಲೆ ಇರಬೇಕಾದ ಸೀಲು ಇರಲಿಲ್ಲ.

ಇರಲಿಲ್ಲ ಅನ್ನುವುದಕ್ಕಿಂತ, ಇರದ ಹಾಗೆ ಅವಳೇ ನೋಡಿಕೊಂಡಿದ್ದಳು.

ಲಾ ಮುಗಿಸಿದ ಜಾಹ್ನವಿ ವಿಶಾಲಾಕ್ಷಿ ಮೇಡಂ ಅವರ ಚೇಂಬರಿನಲ್ಲಿ ಆರು ತಿಂಗಳ ತರಬೇತಿಗೆ ಸೇರಿದ್ದಳು. ಮೇಡಂ ಮೂವತ್ತು ವರ್ಷದಿಂದ ನೈರೋಬಿಯ ಸಂಸಾರಗಳನ್ನು ಕಾನೂನುಬದ್ಧವಾಗಿ ಬಿಡಿಸುತ್ತ ಬಂದವರು. ವಿಚ್ಛೇದನ, ಜೀವನಾಂಶ, ಮಕ್ಕಳು ಯಾರ ಹತ್ತಿರ ಇರಬೇಕೆಂಬ ತಕರಾರು, ಎಲ್ಲ ಸಂಕಟವೂ ಅಲ್ಲಿ ಅಫಿಡವಿಟ್ಟಾಗಿ ಟೈಪಾಗುತ್ತಿತ್ತು. ಅದರಲ್ಲಿರುವುದೆಲ್ಲ ನಿಜವೆಂದು ಕಕ್ಷಿದಾರರು ಒಬ್ಬ ಓತ್ ಕಮಿಷನರ್ ಮುಂದೆ ಪ್ರಮಾಣ ಮಾಡಿ ಸಹಿ ಹಾಕಬೇಕು, ಆತ ಸೀಲು ಒತ್ತಬೇಕು. ಆದರೆ ಅಫಿಡವಿಟ್ಟು ಬರೆದ ಆಫೀಸಿನವರೇ ಅದಕ್ಕೆ ಸೀಲು ಒತ್ತುವಂತಿಲ್ಲ. ಹಾಗಾಗಿ ತರಬೇತಿಗೆ ಬಂದವರು ಮೊದಲು ಕಲಿಯುವುದು ಕಾನೂನಲ್ಲ, ಮೆಟ್ಟಿಲು.

ಎರಡನೇ ಮಹಡಿಯಲ್ಲಿ ರಘುನಂದನ್ ಇದ್ದ. ಕಿಲೆಲೆಶ್ವಾ ಬಡಾವಣೆಯವನು, ಮೂವತ್ತೆರಡು ವರ್ಷದ ವಕೀಲ, ಜೊತೆಗೆ ಪ್ರಮಾಣ ಮಾಡಿಸುವ ಕಮಿಷನರ್. ಬೇರೆ ಕಮಿಷನರ್‌ಗಳು ಕಂತೆ ಕಂತೆ ಕಾಗದಕ್ಕೆ ಮಾತಾಡುತ್ತಲೇ ಸೀಲು ಬಡಿದು ಕಳಿಸುತ್ತಿದ್ದರು. ಇವನು ಹಾಗಲ್ಲ. ಕಕ್ಷಿದಾರರು ಖುದ್ದಾಗಿ ಬರಬೇಕು, ಎದ್ದು ನಿಲ್ಲಬೇಕು, ಕೈ ಎತ್ತಬೇಕು.

ಮೊದಲ ದಿನ ಅವನ ಗಾಂಭೀರ್ಯ ನೋಡಿ ಜಾಹ್ನವಿಗೆ ತಡೆಯಲಾಗಲಿಲ್ಲ. ಅವನಿಗೆ ಕನ್ನಡ ತಿಳಿಯದೆಂದುಕೊಂಡು ಗೆಳತಿ ಇಂದುವಿಗೆ ಫೋನಿನಲ್ಲಿ ಪಿಸುಗುಟ್ಟಿದಳು, "ಒಂದು ಸೀಲ್ ಒತ್ತೋಕೆ ಎಷ್ಟು ಗತ್ತು ಕಣೇ. ಪಟ್ಟಾಭಿಷೇಕ ಮಾಡ್ತಿದಾನೆ ಅನ್ಕೋಬೇಕು."

ಅವನು ತಲೆ ಎತ್ತಲಿಲ್ಲ. ಅಚ್ಚ ಮೈಸೂರು ಕನ್ನಡದಲ್ಲಿ ಹೇಳಿದ, "ಪಟ್ಟಾಭಿಷೇಕಕ್ಕೆ ಲಗತ್ತು ಬೇಕಾಗಲ್ಲ ಮೇಡಂ. ಇದಕ್ಕೆ ಬೇಕು. ಮೂರನೇದು ಇಲ್ಲ, ತಗೊಂಡ್ ಬನ್ನಿ."

ಕಿವಿಯೆಲ್ಲ ಕೆಂಪಗಾಗಿ ಅವಳು ಓಡಿದಳು. ಲಗತ್ತು ತಂದಳು, ಗತ್ತನ್ನು ಇನ್ನೊಮ್ಮೆ ನೋಡಿದಳು. ಅಷ್ಟೊಂದು ಕೆಟ್ಟದಾಗಿಯೇನೂ ಕಾಣಲಿಲ್ಲ.

ಮನಸ್ಸು ಜಾರಿದ್ದು ಮಾತ್ರ ಎರಡನೇ ವಾರದಲ್ಲಿ. ಆವತ್ತು ಅವಳು ಕರೆತಂದ ಹೆಂಗಸು, ಗಂಡ ಮಕ್ಕಳನ್ನು ನೋಡಲು ಬಿಡುತ್ತಿಲ್ಲವೆಂದು ಅಫಿಡವಿಟ್ಟು ಕೊಡುವವಳು, ಕೈ ಎತ್ತಿದವಳೇ ಅಳತೊಡಗಿದಳು. ರಘುನಂದನ್ ಪೆನ್ನು ಕೆಳಗಿಟ್ಟು ನೀರಿನ ಲೋಟ ಅವಳ ಕಡೆ ಸರಿಸಿದ. ಗಡಿಯಾರ ನೋಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಇಪ್ಪತ್ತು ನಿಮಿಷ ಸುಮ್ಮನೆ ಕಾದ. ಆಮೇಲೆ ಜಾಹ್ನವಿಗೆ ಮಾತ್ರ ಕೇಳುವಂತೆ ಅಂದ, "ನಿಜ ಹೇಳೋಕೆ ಕೆಲವರಿಗೆ ಸ್ವಲ್ಪ ಹೊತ್ತು ಬೇಕಾಗತ್ತೆ."

ಹಗಲೆಲ್ಲ ಮುರಿದ ಮದುವೆಗಳನ್ನೇ ಓದುವ ಹುಡುಗಿಗೆ ಇಂಥ ಕಾಯಿಲೆ ಬರಬಾರದಿತ್ತು. ಬಂತು. ಸೀಲು ಒತ್ತುವವನು ಅವನು, ಒತ್ತಡವೆಲ್ಲ ಇವಳಿಗೆ.

ಮುಖ್ಯ ಅಫಿಡವಿಟ್ಟಿಗೆ ಕಕ್ಷಿದಾರರ ಜೊತೆ ಹೋಗಬೇಕು. ಬಿಟ್ಟುಹೋದ ಲಗತ್ತಿಗಾದರೆ ಒಬ್ಬಳೇ ಹೋಗಬಹುದು. ಹಾಗಾಗಿ ಲಗತ್ತುಗಳು ಬಿಟ್ಟುಹೋಗತೊಡಗಿದವು. ಒಂದು ಹಾಳೆ ಡ್ರಾಯರಿನಲ್ಲಿ ಉಳಿದರೆ ಐದು ನಿಮಿಷ ಸಿಗುತ್ತಿತ್ತು. ಆ ಐದು ನಿಮಿಷದಲ್ಲಿ ಅವಳ ಮನೆಯಿದ್ದ ಸೌತ್ ಸಿ ಕಡೆಯ ಟ್ರಾಫಿಕ್ಕು, ಅವನಿಗೆ ಕನ್ನಡ ಕಲಿಸಿದ ಅಜ್ಜಿ, ಮಳೆ ಬಂದರೆ ಮಟಾಟು ವ್ಯಾನಿನವರು ಕೇಳುವ ರೇಟು, ಎಲ್ಲ ಬರುತ್ತಿತ್ತು. ಬರಬೇಕಾದ್ದೊಂದು ಬರುತ್ತಿರಲಿಲ್ಲ. ಅವನು ಹಾಳೆ ತೆಗೆದುಕೊಳ್ಳುವಾಗ ಎಡಹುಬ್ಬು ಮಾತ್ರ ಒಂದೆಳೆ ಮೇಲೇರುತ್ತಿತ್ತು. ಬಾಯಿ "ಸರಿ ಮೇಡಂ" ಎನ್ನುತ್ತಿತ್ತು.

ಸಂಜೆ ಮೊಂಬಾಸಾ ರಸ್ತೆಯಲ್ಲಿ ಮಟಾಟು ನಿಂತುಬಿಟ್ಟಾಗ ಅವಳು ಮಡಿಲಲ್ಲಿದ್ದ ಫೈಲು ತೆರೆಯುತ್ತಿದ್ದಳು. ಯಾರದೋ ವಿಚ್ಛೇದನ. ಅದರ ಕೊನೆಯಲ್ಲಿ ಅವನ ಸಹಿ. 'ರ' ಅಕ್ಷರದ ಮೇಲೆ ಬೆರಳಾಡಿಸುತ್ತ ಕೂತರೆ ಸೌತ್ ಸಿ ಬಂದದ್ದೇ ತಿಳಿಯುತ್ತಿರಲಿಲ್ಲ.

ವಿಶಾಲಾಕ್ಷಿ ಮೇಡಂಗೆ ಬೇರೆಯದೇ ಚಿಂತೆ. "ನೋಡಮ್ಮ, ವಾದ ಚೆನ್ನಾಗಿ ಬರೀತೀಯ. ಆದ್ರೆ ಹಾಳೆ ಎಣಿಸೋಕೇ ಬರಲ್ವಲ್ಲ ನಿನಗೆ" ಎಂದರು.

ಅವಮಾನವಾಯಿತು. ಮೂರು ವಾರ ಒಂದೂ ಲಗತ್ತು ಬಿಡದೆ, ಎರಡೆರಡು ಸಲ ಎಣಿಸಿ ಕೊಟ್ಟಳು. ಆಗಲೇ ವಿಚಿತ್ರ ಶುರುವಾದದ್ದು. ಮೇಲೆ ಬಂದು ನೋಡಿದರೆ ನಡುವಿನ ಒಂದು ಹಾಳೆಗೆ ಸೀಲಿಲ್ಲ. ಅದೇ ವಾರ ಇನ್ನೊಂದಕ್ಕಿಲ್ಲ. ಹೀಗೆ ನಾಲ್ಕು ಸಲ. ಬೇರೆ ಆಫೀಸಿನ ಕಾಗದದಲ್ಲಿ ಅವನು ಒಂದು ಸೀಲೂ ತಪ್ಪಿಸಿದ್ದಿಲ್ಲವೆಂದು ವಿಚಾರಿಸಿ ತಿಳಿದುಕೊಂಡಳು. ಸಾಂದರ್ಭಿಕ ಸಾಕ್ಷ್ಯ ಅಂತ ಕಾಲೇಜಿನಲ್ಲಿ ಓದಿದ್ದಳು. ಅದರಿಂದ ಇಷ್ಟೊಂದು ನಿದ್ದೆ ಕೆಡುತ್ತದೆಂದು ಯಾರೂ ಪಾಠ ಮಾಡಿರಲಿಲ್ಲ.

ಅಷ್ಟರಲ್ಲಿ ಮೊಂಬಾಸಾದ ಒಂದು ಆಫೀಸು ಅವಳಿಗೆ ಕೆಲಸ ಕೊಟ್ಟಿತು. ಶುಕ್ರವಾರ ತರಬೇತಿ ಮುಗಿಯುತ್ತದೆ, ಸೋಮವಾರ ಅಲ್ಲಿ ಹಾಜರಾಗಬೇಕು. ರಘುನಂದನ್‌ಗೆ ತಿಳಿಸಿದಾಗ ಅವನು "ಒಳ್ಳೇದಾಗ್ಲಿ ಮೇಡಂ" ಎಂದ, ಆಮೇಲೆ ಸೀಲನ್ನು ತಲೆಕೆಳಗಾಗಿ ಒತ್ತಿದ. ಇದನ್ನು ಸಾಕ್ಷಿಯೆಂದು ಯಾವ ಕೋರ್ಟು ಒಪ್ಪುತ್ತದೆ? ಅವನ ಬಾಯಿಂದ ಒಂದು ಮಾತು ಕೇಳದೆ ಐನೂರು ಕಿಲೋಮೀಟರು ಹೋಗಿಬಿಟ್ಟರೆ, ಉಳಿದ ಆಯಸ್ಸೆಲ್ಲ ಆ ನಾಲ್ಕು ಹಾಳೆಯ ಅರ್ಥ ಹುಡುಕುತ್ತ ಕೂರಬೇಕಾಗುತ್ತದೆಂದು ಅವಳಿಗೆ ಹೆದರಿಕೆಯಾಯಿತು.

ಆದ್ದರಿಂದ ಮಹಾಯೋಜನೆ ಸಿದ್ಧವಾಯಿತು. ಎರಡು ದಿನ ಕೂತು ಅಫಿಡವಿಟ್ಟು ಬರೆದಳು. ಅದರ ಕೆಳಗೆ ಅವನೇ ಸೀಲು ಒತ್ತಬೇಕು. ಒತ್ತಬೇಕಾದರೆ ಓದಲೇಬೇಕು, ಓದಿದ ಮೇಲೆ ಮುಖದಲ್ಲಿ ಏನಾದರೂ ಕಾಣಲೇಬೇಕು.

ಶುಕ್ರವಾರ ನಾಲ್ಕೂವರೆಗೆ ಒಬ್ಬಳೇ ಇಳಿದಳು. ಕಕ್ಷಿದಾರರು ಎಲ್ಲಿ ಎಂದು ಅವನು ಕೇಳಿದ. "ನಾನೇ" ಎಂದು ಎದ್ದು ನಿಂತು ಕೈ ಎತ್ತಿದಳು.

ಅವನು ಓದತೊಡಗಿದ.

"ಸೌತ್ ಸಿ ನಿವಾಸಿಯಾದ ಜಾಹ್ನವಿ ಎಂಬ ನಾನು ಪ್ರಮಾಣ ಮಾಡಿ ಹೇಳುವುದೇನೆಂದರೆ: ಒಂದು, ಹನ್ನೊಂದು ಸಲ ನಾನು ಲಗತ್ತು ಬೇಕೆಂದೇ ಬಿಟ್ಟು ಬಂದಿದ್ದೇನೆ. ಎರಡು, ನಾಲ್ಕು ಸಲ ನಾನು ಬಿಟ್ಟಿಲ್ಲ, ಆದರೂ ಸೀಲಿರಲಿಲ್ಲ. ಅದು ಯಾಕೆಂದು ನನಗೆ ಗೊತ್ತಿಲ್ಲ, ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು. ಮೂರು, ಈ ಕಟ್ಟಡದ ಎರಡನೇ ಮಹಡಿಯನ್ನು ಬಿಟ್ಟು ಹೋಗಲು ನನಗೆ ಇಷ್ಟವಿಲ್ಲ. ನಾಲ್ಕು, ಮೇಲಿನದೆಲ್ಲ ನಾನು ಬಲ್ಲಮಟ್ಟಿಗೆ ನಿಜ."

ಅವನು ಎರಡು ಸಲ ಓದಿದ. ಸೀಲು ಕೈಗೆ ತೆಗೆದುಕೊಂಡ. ಇಂಕಿಗೆ ಒತ್ತಿದ. ಹಾಳೆಯ ಮೇಲೆ ತಂದು ಹಾಗೇ ಹಿಡಿದ. ಆಮೇಲೆ ಪಕ್ಕಕ್ಕಿಟ್ಟ.

"ಇದಕ್ಕೆ ನಾನು ಸೀಲ್ ಹಾಕೋಕಾಗಲ್ಲ."

ಎತ್ತಿದ್ದ ಕೈ ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಅವನು ಎದ್ದು ಕಪಾಟಿನಿಂದ ತೆಳ್ಳಗಿನ ಕಾನೂನು ಪುಸ್ತಕ ತೆಗೆದ, ನಾಲ್ಕನೇ ಸೆಕ್ಷನ್ ತೆರೆದು ಅವಳ ಕಡೆ ತಿರುಗಿಸಿದ. ಕಮಿಷನರ್‌ಗೇ ಸಂಬಂಧಪಟ್ಟ ವಿಷಯದಲ್ಲಿ ಅವನು ಪ್ರಮಾಣ ಮಾಡಿಸುವಂತಿಲ್ಲ ಎಂದು ಅಲ್ಲಿತ್ತು.

"ಆ ನಾಲ್ಕು ಸಲ ಬಿಟ್ಟಿದ್ದು ನಾನು, ಜಾಹ್ನವಿ" ಎಂದ. ಆರು ತಿಂಗಳಲ್ಲಿ ಮೊದಲ ಸಲ ಅವನ ಮಾತಿನಲ್ಲಿ 'ಮೇಡಂ' ಬಿಟ್ಟುಹೋಗಿತ್ತು. "ನೀವು ಸರಿಯಾಗಿ ಎಣಿಸೋಕೆ ಶುರು ಮಾಡಿದ್ರಿ. ನನಗೆ ಬೇರೆ ದಾರಿ ಇರಲಿಲ್ಲ."

ಅವಳು ಕೂತಳು. "ಮತ್ತೆ ಯಾಕೆ ಒಂದು ಮಾತೂ ಆಡಲಿಲ್ಲ?"

"ವಿಶಾಲಾಕ್ಷಿ ಮೇಡಂ ಹತ್ರ ಟ್ರೇನಿಂಗಲ್ಲಿದ್ರಿ. ಮುಗೀಲಿ ಅಂತ ಕಾದೆ. ಮುಗಿಯೋ ಹೊತ್ತಿಗೆ ಮೊಂಬಾಸಾ ಅಂದ್ರಿ."

ಮೊದಲನೇ ಮಹಡಿಯಲ್ಲಿ ಇನ್ನೊಬ್ಬ ಕಮಿಷನರ್ ವಲೇರಿಯನ್ ಅಂಕಲ್ ಇದ್ದಾರಲ್ಲ, ಅವರ ಹತ್ತಿರ ಸೀಲು ಹಾಕಿಸಬಹುದೇ ಎಂದು ಅವಳು ಕೇಳಿದಳು. ಅವರು ಶುಕ್ರವಾರ ನಾಲ್ಕಕ್ಕೇ ಬಾಗಿಲು ಹಾಕುತ್ತಾರೆ ಎಂದು ಅವನು ತಿಳಿಸಿದ. ಸೋಮವಾರ ಅವಳು ಇಲ್ಲಿರುವುದಿಲ್ಲ. ಅಲ್ಲಿಗೆ ಮಹಾಯೋಜನೆ ಬಿದ್ದುಹೋಯಿತು. ಪ್ರಮಾಣವಾಗದ ಅಫಿಡವಿಟ್ಟು ಕೋರ್ಟಿನ ಪಾಲಿಗೆ ಬರೀ ಹಾಳೆ.

ಅವಳು ಹಾಳೆ ವಾಪಸ್ ಪಡೆಯಲು ಕೈಚಾಚಿದಳು. ಅವನು ಕೊಡಲಿಲ್ಲ.

"ಸೀಲ್ ಹಾಕದೇ ಇರೋ ಕಾಗದ ನೀವು ಇಟ್ಕೊಳ್ಳೋಹಾಗಿಲ್ಲ, ಸರ್."

"ಗೊತ್ತು" ಎಂದು ರಘುನಂದನ್ ಅದನ್ನು ಮಡಿಸಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ.