ಅದಿರಿನ ರಾಶಿಯಲ್ಲಿ ಕುಳಿತವನು

ಲೋಡರಿನ ಬಕೆಟ್ ಎರಡನೇ ಸಲ ಮೇಲೆದ್ದಾಗ ರಾಶಿಯೊಳಗೊಂದು ಮೊಣಕಾಲು ಕಂಡಿತು.

ಕೂಡ್ಲಿಗಿ ಹೆದ್ದಾರಿ ಪಕ್ಕದ ಯಾರ್ಡಿನಲ್ಲಿ ಬೆಳಗಿನ ಮಳೆಗೆ ಅದಿರಿನ ರಾಶಿ ಜರಿದು ದಾರಿಗೆ ಬಂದಿತ್ತು. ಅದನ್ನು ಸರಿಸಲು ಹೋದ ಡ್ರೈವರ್ ಕೆಳಗೆ ಹಾರಿ ಓಡಿದವನು, ಠಾಣೆಯ ಮುಂದೆಯೇ ನಿಂತ.

ಸಬ್ ಇನ್‌ಸ್ಪೆಕ್ಟರ್ ಗಂಗಾಂಬಿಕಾ ಬಂದು ಕೆಂಪು ಪುಡಿಯನ್ನು ಕೈಯಿಂದಲೇ ಸರಿಸಿದಳು. ಸತ್ತವನು ಬಿದ್ದಿರಲಿಲ್ಲ. ಚಕ್ಕಳಮಕ್ಕಳ ಹಾಕಿ ಕುಳಿತಿದ್ದ. ತಲೆಯ ಹಿಂಭಾಗ ಒಡೆದಿತ್ತು. ಎಡ ಅಂಗೈಯಲ್ಲಿ ಇಷ್ಟಲಿಂಗ. ಅದು ಜಾರದಂತೆ ಬೆರಳುಗಳನ್ನು ಯಾರೋ ಮಡಿಸಿದ್ದರು.

ಕೊಟ್ಟೂರಿನ ಲಿಂಗವಂತರ ಮನೆಯವಳು ಗಂಗಾಂಬಿಕಾ. ಅವಳ ಅಜ್ಜನನ್ನೂ ಹೀಗೇ ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡಿದ್ದರು. ಇಲ್ಲಿ ಕೊಂದ ಕೈಯೇ ಸಂಸ್ಕಾರವನ್ನೂ ಮಾಡಿತ್ತು.

"ನಮ್ಮ ಅಕ್ಕನ ಮಗ ರೀ ಇವ!" ಯಾರ್ಡಿನ ಮಾಲೀಕ ಗುರುಶಾಂತ ಎದೆ ಬಡಿದುಕೊಂಡ. "ಪ್ರವೀಣಕುಮಾರ. ಕರಾವಳಿಯಾಗ ಹೊಸ ಬಂದರು ಕಟ್ಟಾಕ ಹತ್ತ್ಯಾರಲ್ಲ, ಅಲ್ಲಿ ಎಂಜಿನಿಯರ್. ಊರಿಗೆ ಬಂದಾನಂತ ನನಗ ಗೊತ್ತ ಇರ್ಲಿಲ್ಲ."

* * *

ಪಕ್ಕದಲ್ಲೇ ಪುಡಿಯೊಳಗೆ ರಕ್ತ ಅಂಟಿದ ಹಾರೆ ಸಿಕ್ಕಿತು. ಅದು ರೈತ ಬೊಮ್ಮಪ್ಪನದು.

ಯಾರ್ಡಿಗೆ ಅಂಟಿಕೊಂಡ ಹೊಲವೂ ಬೊಮ್ಮಪ್ಪನದೇ. ಹೊಸ ಬಂದರು ಆಳವಾಗಿದ್ದರೆ ದೊಡ್ಡ ಹಡಗುಗಳು ದಡಕ್ಕೇ ಬರುತ್ತವೆ, ಅದಿರು ಸುರಿಯಲು ಇಲ್ಲಿ ಜಾಗ ಸಾಲದು ಎಂದು ಗುರುಶಾಂತ ಸುತ್ತಲಿನ ಹೊಲಗಳ ಮೇಲೆ ಕಣ್ಣಿಟ್ಟಿದ್ದ. ಪ್ರವೀಣಕುಮಾರ ಬಂದರಿನವನೆಂದು ತಿಳಿದದ್ದೇ ತಡ, ಹಿಂದಿನ ದಿನ ಬೊಮ್ಮಪ್ಪ ಟೀ ಅಂಗಡಿಯಲ್ಲಿ ಅವನ ಕೊರಳಪಟ್ಟಿ ಹಿಡಿದಿದ್ದ. ನೋಡಿದವರು ಊರ ತುಂಬ ಇದ್ದರು.

ಸರ್ಕಲ್ ಸಾಹೇಬರ ಫೋನು ಬಂತು. "ಇನ್ನೇನು ಬೇಕಮ್ಮ ನಿನಗೆ? ಸಂಜೆಯೊಳಗೆ ಅವನನ್ನ ಕೋರ್ಟಿಗೆ ಹಾಜರು ಮಾಡು."

ಠಾಣೆಯ ಮೆಟ್ಟಿಲ ಮೇಲೆ ಬೊಮ್ಮಪ್ಪನ ಹೆಂಡತಿ ಗಾಳೆಮ್ಮ ಕುಕ್ಕರಿಸಿದ್ದಳು. "ನನ್ನ ಗಂಡಂದು ಬಾಯಿ ಜೋರ್ರೀ ಅಮ್ಮಾರ. ಕೈ ಅಲ್ರಿ. ಅವ ಜೈಲಿಗೆ ಹೋದ್ರ ನಾ ಯಾರ ಮುಖ ನೋಡ್ಲಿ?"

"ನಿನ್ನ ಹಾರಿ ಹೆಂಗ ಅಲ್ಲಿಗೆ ಹೋತು?" ಗಂಗಾಂಬಿಕಾ ಲಾಕಪ್ಪಿನೊಳಗಿದ್ದ ಬೊಮ್ಮಪ್ಪನನ್ನು ಕೇಳಿದಳು.

"ಬೇಲಿ ಕಂಬ ನೆಡಾಕ ಹೋಗಿದ್ನಿರಿ. ಅಲ್ಲೇ ಬಿಟ್ಟಿದ್ದೆ."

"ಅವನ ಕೈಯಾಗ ಲಿಂಗ ಇಟ್ಟವ ನೀನೇನು?"

"ಯಾವ ಲಿಂಗಾರಿ?" ಬೊಮ್ಮಪ್ಪ ಪಿಳಿಪಿಳಿ ಕಣ್ಣು ಬಿಟ್ಟ. ಆಮೇಲೆ ತಲೆ ತಗ್ಗಿಸಿದ. "ಆ ಹುಡುಗ ಏನೋ ಹೇಳಾಕ ಬಂದಿದ್ದ್ರಿ. ನಾ ಕೇಳಲಿಲ್ಲ."

* * *

ಹರಪನಹಳ್ಳಿಯ ಮನೆಯಲ್ಲಿ ಪ್ರವೀಣಕುಮಾರನ ತಾಯಿ ನಾಗಲಿಂಗಮ್ಮ ಗೋಡೆಗೆ ಒರಗಿದ್ದರು. ಪಕ್ಕದಲ್ಲಿ ತಮ್ಮ ಗುರುಶಾಂತ ಕಣ್ಣೊರೆಸಿಕೊಳ್ಳುತ್ತಿದ್ದ. ಗಂಗಾಂಬಿಕಾ ಬಟ್ಟೆಯ ಗಂಟು ಬಿಚ್ಚಿ, ಹೆಣದ ಕೈಯಲ್ಲಿದ್ದ ಲಿಂಗವನ್ನು ಮುಂದಿಟ್ಟಳು.

"ನಿಮ್ಮ ಮಗಂದೇನಮ್ಮಾ?"

ನಾಗಲಿಂಗಮ್ಮ ಎದ್ದರು. ದೇವರ ಜಗಲಿಯಿಂದ ಬೆಳ್ಳಿ ಕರಡಿಗೆ ತಂದು ಮುಚ್ಚಳ ತೆಗೆದರು. ಒಳಗೆ ಇನ್ನೊಂದು ಲಿಂಗವಿತ್ತು.

"ನನ್ನ ಮಗಂದು ಇಲ್ಲೈತಿ ಯವ್ವಾ. ದೋಣ್ಯಾಗ ಕುಂತು ಸಮುದ್ರದ ಆಳ ಅಳೆಯೋ ಕೆಲಸ ಅವಂದು. ನೀರಾಗ ಬಿದ್ದೀತು ಅಂತ ನನ್ನ ಹತ್ರಾನ ಬಿಟ್ಟಿದ್ದ."

ಗುರುಶಾಂತನ ಕೈ ತಾನಾಗಿಯೇ ಎದೆಗೆ ಹೋಯಿತು. ಗಂಗಾಂಬಿಕಾ ಅದನ್ನು ನೋಡಿದಳು, ನೋಡದಂತಿದ್ದಳು.

"ಕೂಡ್ಲಿಗಿಗೆ ಯಾಕ ಹೋಗಿದ್ದ?"

"ಬಂದರಿನ ತಳದಾಗ ಹೂಳಿನ ಕೆಳಗ ಬರೇ ಬಂಡೆಗಲ್ಲಂತ, ಆಳ ತೋಡಾಕ ಆಗಂಗಿಲ್ಲಂತ. ಹಳೇ ಬಂದರುಗಳ ಗತೀನ ಇದಕ್ಕೂ, ದೊಡ್ಡ ಹಡಗು ದೂರಾನ ನಿಲ್ತಾವು, ಅದಿರು ಬೇಗ ಸಾಗಂಗಿಲ್ಲ, ಲಾರಿ ಸಾಲು ಕರಗಂಗಿಲ್ಲ ಅಂದ. ಇದನ್ನ ನಂಬಿ ರೈತರು ಹೊಲ ಕೊಡಬಾರದು, ಎಲ್ಲಾರಿಗೂ ಹೇಳ್ತೀನಿ, ಮೊದಲು ಮಾವನ ಕಡೆ ಹೋಗ್ತೀನಿ ಅಂದ."

"ಗುರುಶಾಂತಪ್ಪಾರ, ಅವ ಬಂದದ್ದ ಗೊತ್ತಿಲ್ಲ ಅಂದ್ರಿ. ನಿಮ್ಮ ಕೊಳ್ಳಾಗಿನ ಕರಡಿಗಿ ತಗೀರಿ."

ಅವನು ಅಲುಗಲಿಲ್ಲ. ಅಕ್ಕನೇ ಅವನ ಅಂಗಿಯೊಳಗೆ ಕೈ ಹಾಕಿ ಕರಡಿಗೆ ಎಳೆದು ಬಿಚ್ಚಿದರು. ಖಾಲಿ.

"ನಮ್ಮಲ್ಲಿ ಹೆಣ ಕುಂದ್ರಸ್ತಾರಂತ ಬೊಮ್ಮಪ್ಪಗೂ ಗೊತ್ತು, ಊರಿಗೂ ಗೊತ್ತು," ಗಂಗಾಂಬಿಕಾ ಹೇಳಿದಳು. "ಆದ್ರ ಲಿಂಗ ಕಟ್ಟದ ಬೊಮ್ಮಪ್ಪ ಅದನ್ನ ಎಲ್ಲಿಂದ ತರ್ತಾನ? ಹೆಣದ ಕೊಳ್ಳಾಗ ಲಿಂಗ ಇರ್ಲೇ ಇಲ್ಲ. ಕೊಂದವ ಬೊಮ್ಮಪ್ಪನ ಹಾರಿ ಎತ್ತಿ ಹೊಡದ. ರಾಶಿ ಬುಡ ಕೆದರಿ ಕುಂದ್ರಸಿದ. ಅಂಗಿ ಬಿಚ್ಚಿ ನೋಡಿದ್ರ ಕೊಳ್ಳು ಬರಿದು. ತನ್ನದನ್ನ ತಗದು ಇಟ್ಟ. ಮಳಿಗಾಲದಾಗ ಬಂದರು ಬಂದ್ ಇರ್ತಾವು, ರಾಶಿ ಯಾರೂ ಮುಟ್ಟಂಗಿಲ್ಲ ಅಂತ ಧೈರ್ಯ ಇತ್ತು ಅವಗ."

"ಯಾರ ಮುಂದೂ ಹೇಳಬ್ಯಾಡ, ರೈತರು ಹೊಲ ಕೊಡಂಗಿಲ್ಲಂತ ಕೈ ಮುಗದೆ, ಕೇಳಲಿಲ್ಲ," ಗುರುಶಾಂತ ಅಕ್ಕನ ಕಡೆ ತಿರುಗಿದ. "ಸತ್ತ ಮ್ಯಾಲೆ ಬರಿಗೈಲೆ ಹೆಂಗ ಕಳಿಸ್ಲಿ ಅಕ್ಕಾ?"

"ಹಾರಿ ಎತ್ತೋ ಮುಂದ ನಮ್ಮ ಕೂಸು ಅಂತ ನೆಪ್ಪಾಗಲಿಲ್ಲೇನೋ?" ಎಂದರು ನಾಗಲಿಂಗಮ್ಮ.

* * *

ಸಂಜೆ ಲಾಕಪ್ಪಿನ ಬಾಗಿಲು ತೆರೆಯಿತು. ಗಾಳೆಮ್ಮ ಗಂಡನ ತೋಳು ಹಿಡಿದವಳು ಬಿಡಲಿಲ್ಲ.

"ಆ ಹುಡುಗ ಏನು ಹೇಳಾಕ ಬಂದಿದ್ದ್ರಿ?" ಬೊಮ್ಮಪ್ಪ ಕೇಳಿದ.

"ಹೊಲ ಕೊಡಬ್ಯಾಡ ಅನ್ನಾಕ."

ಬೊಮ್ಮಪ್ಪ ತನ್ನ ಎರಡೂ ಕೈಗಳನ್ನು ನೋಡಿಕೊಂಡ. ಕೊರಳಪಟ್ಟಿ ಹಿಡಿದ ಕೈಗಳು.

"ಅವನ ಮಣ್ಣಿಗೆ ನಾ ಬರಬೋದೇನ್ರಿ, ಅಮ್ಮಾರ?"

ಗಂಗಾಂಬಿಕಾ ಜೀಪಿನ ಹಿಂದಿನ ಬಾಗಿಲು ತೆಗೆದಳು.